ರಿಪೇರಿ ಮಂಚದ ಬೆಡ್‌ಶೀಟು

ಆಸ್ಪತ್ರೆಯಲ್ಲಿ ಅವನಿಗೆ ಅಳತೆಗೋಲು ಎಂದು ಹೆಸರು. ಎದುರಿಗೆ ಸಾರ್, ಬೆನ್ನು ತಿರುಗಿಸಿದ ಮೇಲೆ ಅಳತೆಗೋಲು. ಅವನು ವಾರ್ಡಿನ ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಯಾರಾದರೊಬ್ಬ ನರ್ಸು ಪಕ್ಕದವಳ ಕಿವಿಯಲ್ಲಿ, "ಉಸಿರು ನಿಧಾನಕ್ಕೆ ಬಿಡೇ, ಅದನ್ನೂ ಬರ್ಕೊಂಡು ಹೋಗ್ತಾರೆ" ಎನ್ನುತ್ತಿದ್ದಳು. ಇದು ಅವನ ಕಿವಿಗೂ ಬಿದ್ದಿತ್ತು. ಒಳಗೊಳಗೇ ಖುಷಿಯೂ ಆಗಿತ್ತು ಎಂದರೆ ಸುಳ್ಳಲ್ಲ.

ಐದು ಆಸ್ಪತ್ರೆಗಳನ್ನು ನಡೆಸುವ ಒಂದು ಕಂಪನಿ. ಅದರ ದಕ್ಷತಾ ವಿಭಾಗಕ್ಕೆ ಅವನು ಅಧಿಕಾರಿ. ವಿಭಾಗ ಎಂದರೆ ದೊಡ್ಡ ದರ್ಬಾರೇನಲ್ಲ. ಅವನು, ಒಂದು ಕಂಪ್ಯೂಟರು, ಗೊರಗೊರ ಎನ್ನುವ ಒಂದು ಏಸಿ. ಐದರಲ್ಲಿ ಯಾವ ಆಸ್ಪತ್ರೆ ದುಡಿಯುತ್ತಿದೆ, ಯಾವುದು ಕೂತು ತಿನ್ನುತ್ತಿದೆ ಎಂದು ಪತ್ತೆ ಹಚ್ಚುವುದು ಅವನ ಕೆಲಸ. ರೋಗಿ ಸರಾಸರಿ ಎಷ್ಟು ದಿನ ಮಲಗುತ್ತಾನೆ, ಒಬ್ಬ ಎದ್ದು ಹೋದ ಮೇಲೆ ಇನ್ನೊಬ್ಬ ಬರುವವರೆಗೆ ಮಂಚ ಎಷ್ಟು ಹೊತ್ತು ಖಾಲಿ, ಆಪರೇಷನ್ ಥಿಯೇಟರಿನಲ್ಲಿ ದೀಪ ಉರಿದ ಹೊತ್ತೆಷ್ಟು, ಅದರಲ್ಲಿ ಮೇಜಿನ ಮೇಲೆ ನಿಜವಾಗಿ ರೋಗಿ ಇದ್ದ ಹೊತ್ತೆಷ್ಟು, ವಿಮೆಯವರು ಬಿಲ್ಲು ತೀರಿಸಲು ಎಷ್ಟು ಸತಾಯಿಸಿದರು, ಒಂದು ಮಂಚಕ್ಕೆ ಎಷ್ಟು ನರ್ಸು, ಎಷ್ಟು ಸಾಬೂನು, ಎಷ್ಟು ಕರೆಂಟು. "ಖಾಲಿ ಮಂಚಾನೂ ಊಟ ಮಾಡುತ್ತೆ" ಎನ್ನುವುದು ಅವನ ಮೆಚ್ಚಿನ ಮಾತು. ರೋಗಿ ಮಲಗಿದ್ದರೂ ಇಲ್ಲದಿದ್ದರೂ ಮಂಚದ ಖರ್ಚು ಮಾತ್ರ ನಿಲ್ಲುವುದಿಲ್ಲ ಎಂದು ಅದರ ಅರ್ಥ. ಮೀಟಿಂಗಿನಲ್ಲಿ ಇದನ್ನು ಹೇಳಿದಾಗಲೆಲ್ಲ ಮೇಡಂ ನಗುತ್ತಿದ್ದರು. ಮೇಡಂ ಎಂದರೆ ಕಂಪನಿಯ ಮುಖ್ಯಸ್ಥೆ. ಅವರು ನಕ್ಕ ದಿನ ಅವನಿಗೆ ಊಟ ಎರಡು ತುತ್ತು ಹೆಚ್ಚು ಸೇರುತ್ತಿತ್ತು.

ಹೇಳಬೇಕಾದ ಮಾತೆಂದರೆ, ಈ ವಿದ್ಯೆಯಲ್ಲಿ ಅರ್ಧವನ್ನು ಅವನು ಕಲಿತದ್ದು ಅಕ್ಕನ ಮನೆಯಲ್ಲಿ. ಐದರಲ್ಲಿ ಎಲ್ಲಕ್ಕಿಂತ ಹಳೆಯ ಆಸ್ಪತ್ರೆಯ ಜನರಲ್ ವಾರ್ಡಿಗೆ ಅಕ್ಕ ಹೆಡ್ ಸಿಸ್ಟರು. ಅಪ್ಪ ಅಮ್ಮ ಬೇಗ ಹೋದರು. ನರ್ಸಿಂಗ್ ಹಾಸ್ಟೆಲಿನಲ್ಲಿ ಇದ್ದುಕೊಂಡೇ ತಮ್ಮನನ್ನು ಓದಿಸಿದವಳು ಅವಳು. ತನ್ನ ಮದುವೆಯ ಮಾತು ಬಂದಾಗಲೆಲ್ಲ ಮೊದಲು ಇವನೊಬ್ಬ ದಡ ಸೇರಲಿ ಎಂದು ಮುಂದೂಡಿ, ಕೊನೆಗೆ ಆ ಮಾತು ಎತ್ತುವವರೇ ಇಲ್ಲದಂತಾಯಿತು. ಕಂಪನಿಯಲ್ಲಿ ಅವನಿಗೆ ಗುಮಾಸ್ತನ ಕೆಲಸ ಕೊಡಿಸಿದವಳೂ ಅವಳೇ. ಅಲ್ಲಿಂದ ಅವನು ಮೇಲೇರಿದ. ಇಬ್ಬರ ಮನೆಯೂ ಒಂದೇ ಕಟ್ಟಡದಲ್ಲಿ, ಅಕ್ಕ ಕೆಳಗೆ, ಅವನ ಸಂಸಾರ ಮೇಲೆ. ಭಾನುವಾರದ ಊಟ ಮಾತ್ರ ಕೆಳಗೇ ಆಗಬೇಕು, ಅದು ಅಕ್ಕನ ಕಾನೂನು.

ಇಂಥದೊಂದು ಭಾನುವಾರವೇ ಅಕ್ಕ ಬಾಯಿಬಿಟ್ಟದ್ದು. ಅವನು ತನ್ನ ಗೋಳು ತೋಡಿಕೊಳ್ಳುತ್ತಿದ್ದ. ಎಲ್ಲ ವಾರ್ಡಿನಲ್ಲೂ ಒಂದೋ ಎರಡೋ ಮಂಚ ಸದಾ ರಿಪೇರಿಯಲ್ಲೇ ಇರುತ್ತವೆ, ಅಷ್ಟು ಕಳಪೆ ಮಂಚವನ್ನು ಕಂಪನಿಗೆ ಯಾವ ಪುಣ್ಯಾತ್ಮ ಮಾರಿದನೋ ಎಂದು.

ಅಕ್ಕ ಸೌತೆಕಾಯಿ ಹೆಚ್ಚುತ್ತಿದ್ದವಳು ನಕ್ಕೇ ಬಿಟ್ಟಳು. "ಅಯ್ಯೋ ಪುಟ್ಟ, ನೀನು ಇಷ್ಟು ಓದಿ ಏನು ಬಂತೋ? ಅವು ಕೆಟ್ಟಿಲ್ಲ ಕಣೋ. ಕೆಡಿಸಿಟ್ಟಿರ್ತೀವಿ."

"ಕೆಡಿಸಿ ಇಡೋದಾ?"

"ನನ್ನ ವಾರ್ಡಲ್ಲಿ ಕಿಟಕಿ ಪಕ್ಕದ್ದು ಇದ್ಯಲ್ಲ, ಅದರ ತಲೆ ಎತ್ತೋ ಹ್ಯಾಂಡಲ್ಲು ನನ್ನ ಬೀರುನಲ್ಲಿದೆ. ಹ್ಯಾಂಡಲ್ ಇಲ್ಲ ಅಂದ್ರೆ ಮಂಚ ರಿಪೇರಿ, ಆಫೀಸಿನವರು ಅದಕ್ಕೆ ಯಾರನ್ನೂ ಹಾಕೋ ಹಾಗಿಲ್ಲ. ಇದ್ದಕ್ಕಿದ್ದ ಹಾಗೆ ಯಾರನ್ನಾದ್ರೂ ಹೊತ್ಕೊಂಡು ಬರ್ತಾರೆ, ಮಂಚ ಇಲ್ಲ ಅಂತ ಹೇಗೋ ವಾಪಸ್ ಕಳಿಸ್ಲಿ? ಹ್ಯಾಂಡಲ್ ಹಾಕ್ತೀನಿ, ಮಂಚ ಹುಷಾರಾಗುತ್ತೆ. ಅವರು ಹೋದ್ಮೇಲೆ ಮತ್ತೆ ಕಾಯಿಲೆ."

ಅವನೂ ನಕ್ಕ. ಹೆಂಡತಿಯೂ ನಕ್ಕಳು. ಆ ಮಂಚ ಬರೀ ಧರ್ಮಕ್ಕೇ ಮೀಸಲಾಗಿತ್ತು ಎಂದೇನೂ ಇಲ್ಲ. ಆಯಾಳ ಅತ್ತೆ, ಪಕ್ಕದ ಬೀದಿಯ ಪರಿಚಯದವರು, ಅಕ್ಕನ ಹಳೆಯ ಗೆಳತಿಯ ಗಂಡ, ಇವರೂ ಅಲ್ಲಿ ಮಲಗಿ ಎದ್ದು ಹೋದವರೇ. ಅಕ್ಕ ದೇವತೆಯಲ್ಲ. ಅದು ತನ್ನ ಮಂಚ, ಯಾರಿಗೆ ಕೊಡಬೇಕು ಎನ್ನುವುದು ತನ್ನ ಇಷ್ಟ ಎಂಬ ಸಣ್ಣ ಗತ್ತು ಅವಳಿಗೂ ಇತ್ತು.

ನಗುವಿನೊಂದಿಗೇ ಆ ವಿಷಯ ಮುಗಿದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಕಂಪನಿ ಆರನೆಯ ಆಸ್ಪತ್ರೆ ಕಟ್ಟಲು ಹೊರಟಿತು. ಇರುವ ಐದನ್ನು ಪೂರ್ತಿ ದುಡಿಸಿದ್ದೀರಾ ಎಂದು ಸಾಲ ಕೊಡುವವರು ಕೇಳಿದರು. ಮೇಡಂ ಅವನನ್ನು ಕರೆಸಿ, "ಎಲ್ಲೆಲ್ಲಿ ಸೋರ್ತಾ ಇದೆ, ನನಗೆ ತೋರಿಸಿ" ಎಂದರು.

ಅವನ ತಲೆಗೆ ತಟ್ಟನೆ ಹೊಳೆದದ್ದು ರಿಪೇರಿ ಮಂಚ. ಕೆಟ್ಟದ್ದು ಯಾವುದು, ಕೆಡಿಸಿಟ್ಟದ್ದು ಯಾವುದು ಎಂದು ಗುರುತಿಸುವುದು ಹೇಗೆ? ಸ್ನಾನ ಮಾಡುತ್ತಿರುವಾಗ ಅದಕ್ಕೂ ಉತ್ತರ ಸಿಕ್ಕಿತು. ಆ ಆಸ್ಪತ್ರೆಗಳಲ್ಲಿ ಬೆಡ್‌ಶೀಟು ಕಳೆದುಹೋಗಬಾರದೆಂದು ಪ್ರತಿಯೊಂದರ ಮೂಲೆಯಲ್ಲೂ ವಾರ್ಡು ಮತ್ತು ಮಂಚದ ನಂಬರು ಬರೆದಿರುತ್ತಾರೆ. ಲಾಂಡ್ರಿಯವರು ಒಗೆಯುವ ಮುಂಚೆ ಆ ನಂಬರನ್ನು ಕಂಪ್ಯೂಟರಿಗೆ ಹೊಡೆಯುತ್ತಾರೆ. ಕೆಟ್ಟ ಮಂಚದ ಮೇಲೆ ಯಾರೂ ಮಲಗುವುದಿಲ್ಲ. ಯಾರೂ ಮಲಗದ ಮಂಚದ ಶೀಟು ಕೊಳೆಯಾಗುವುದಿಲ್ಲ. ಹಾಗಾದರೆ ರಿಪೇರಿ ಎಂದು ಬರೆದ ಮಂಚದ ಶೀಟು ಲಾಂಡ್ರಿಗೆ ಬಂದಿದೆ ಎಂದರೆ, ಅದು ಕಳ್ಳ ಮಂಚ! ಅವನು ಅರೆಬರೆ ಒರೆಸಿಕೊಂಡೇ ಹೊರಗೆ ಬಂದು ಇದನ್ನು ಬರೆದಿಟ್ಟ.

ಐದು ಆಸ್ಪತ್ರೆಗಳ ಲಾಂಡ್ರಿಯ ಲೆಕ್ಕ ತರಿಸಿ, ಅದನ್ನೂ ರಿಪೇರಿ ಮಂಚಗಳ ಪಟ್ಟಿಯನ್ನೂ ಎದುರುಬದುರು ನಿಲ್ಲಿಸಿದ. ಅಕ್ಕನ ಮಂಚ ಸಿಕ್ಕಿಬೀಳುವುದಿಲ್ಲ ಎಂದೇ ಅವನ ಎಣಿಕೆ. ಅವಳು ಅದನ್ನು ಅಪರೂಪಕ್ಕೆ ಬಳಸುತ್ತಾಳೆ, ಅಷ್ಟು ದೊಡ್ಡ ರಾಶಿಯಲ್ಲಿ ಒಂದೆರಡು ಶೀಟು ಎಲ್ಲೋ ಮುಳುಗಿ ಹೋಗುತ್ತವೆ ಎಂದುಕೊಂಡಿದ್ದ. ಫಲಿತಾಂಶ ಪರದೆಯ ಮೇಲೆ ಬಂದಾಗ ಎಲ್ಲಕ್ಕಿಂತ ಮೇಲೆ ಕೂತದ್ದು ಅಕ್ಕನ ಕಿಟಕಿ ಪಕ್ಕದ ಮಂಚವೇ. ಐದು ಆಸ್ಪತ್ರೆಗಳಲ್ಲಿ ಅಷ್ಟು ದುಡಿದ ರಿಪೇರಿ ಮಂಚ ಇನ್ನೊಂದಿರಲಿಲ್ಲ.

ಅವನು ಅದನ್ನು ನೋಡಿದ. ನೋಡಲಿಲ್ಲ ಎಂದು ಮುಂದೆ ಯಾರ ಮುಂದೆಯೂ, ತನ್ನ ಮುಂದೆಯೂ, ಹೇಳಿಕೊಳ್ಳುವಂತಿರಲಿಲ್ಲ. ಆ ಒಂದು ಸಾಲು ಅಳಿಸಿಹಾಕಲು ಬೆರಳೊಂದು ಅಲ್ಲಾಡಿದರೆ ಸಾಕಿತ್ತು. ಮಧ್ಯಾಹ್ನವಿಡೀ ಅದರ ಮುಂದೆ ಕೂತ. ಒಂದು ಸಾಲು ತೆಗೆದರೆ ಇಡೀ ಅಳತೆಯೇ ಸುಳ್ಳಾಗುತ್ತದೆ, ತಾನು ಪ್ರಾಮಾಣಿಕ ಎಂದುಕೊಂಡ. ಅದರಲ್ಲಿ ಅರ್ಧ ಪ್ರಾಮಾಣಿಕತೆ, ಇನ್ನರ್ಧ ಜಂಬ. ಅಷ್ಟು ಚೆಂದದ ಉಪಾಯಕ್ಕೆ ಎಲ್ಲಕ್ಕಿಂತ ಚೆಂದದ ಸಾಕ್ಷಿ ಅದೇ ಸಾಲು ಆಗಿತ್ತಲ್ಲ! ಹೆಸರನ್ನೇನೂ ತಾನು ಬರೆದಿಲ್ಲ, ಬರೀ ಮಂಚದ ನಂಬರು ತಾನೇ ಎಂದು ಸಮಾಧಾನ ಮಾಡಿಕೊಂಡು ಕಳಿಸಿಬಿಟ್ಟ. ಮಂಚದ ನಂಬರಿನಿಂದ ಹೆಡ್ ಸಿಸ್ಟರಿನ ಹೆಸರಿಗೆ ಎಷ್ಟು ದೂರ ಎಂದು ಅಳೆಯಲು ಅಳತೆಗೋಲಿಗೆ ತೋಚಲಿಲ್ಲ.

ಮೇಡಂ ಎದ್ದು ನಿಂತು ಕೈಕುಲುಕಿದರು. "ಬೆಡ್‌ಶೀಟಿಂದ ಹಿಡಿದ್ರಾ? ಎಂಥ ತಲೆ ರೀ ನಿಮ್ಮದು!" ಎಂದರು. ಬಡ್ತಿಯ ಮಾತೂ ಬಂತು. ಅಂದು ಅವನಿಗೆ ಊಟ ಸೇರಲಿಲ್ಲ.

ನೋಟಿಸು ಬಂದದ್ದು ಅದರ ಮುಂದಿನ ವಾರ. ಲಾಂಡ್ರಿ ದಾಖಲೆಗಳ ಪ್ರಕಾರ ಇಂಥ ಮಂಚ ಕೆಟ್ಟಿರಲಿಲ್ಲ, ಸುಳ್ಳು ಬರೆದದ್ದಕ್ಕೆ ನಿಮ್ಮ ಮೇಲೆ ಯಾಕೆ ಕ್ರಮ ತೆಗೆದುಕೊಳ್ಳಬಾರದು ಎಂದು. ಅಕ್ಕನ ನಿವೃತ್ತಿಗೆ ಒಂದು ವರ್ಷವೂ ಉಳಿದಿರಲಿಲ್ಲ.

ಲಾಂಡ್ರಿ ಎಂಬ ಒಂದು ಪದ ಸಾಕಾಯಿತು ಅವಳಿಗೆ. ತಮ್ಮನ ಮೇಲೆ ಅನುಮಾನ ಪಡುವುದು ಅವಳ ಲೆಕ್ಕದಲ್ಲೇ ಇರಲಿಲ್ಲ. ಲಾಂಡ್ರಿಯ ಮುಖ್ಯಸ್ಥನನ್ನು ಎಲ್ಲರೂ ಬಟ್ಟೆ ಮಾವ ಎನ್ನುತ್ತಿದ್ದರು. ಮೆಲ್ಲಗೆ ಮಾತಾಡುವ, ದಿನಾ ಬೆಳಗ್ಗೆ ಗಾಡಿ ತಳ್ಳಿಕೊಂಡು ತಾನೇ ವಾರ್ಡಿಗೆ ಬರುವ ಮನುಷ್ಯ. ಅವನಿಗೆ ಬೆನ್ನುನೋವು ಬಂದಾಗ ಮಾತ್ರೆ, ಮಗಳ ಬಾಣಂತನಕ್ಕೆ ಮಂಚ, ಹಸಿದಿದ್ದ ದಿನ ತನ್ನ ಡಬ್ಬಿಯಲ್ಲಿ ಪಾಲು, ಎಲ್ಲ ಕೊಟ್ಟವಳು ಅಕ್ಕ. ಆ ಬೆಳಗ್ಗೆ ಅವನು ಗಾಡಿ ತಳ್ಳಿಕೊಂಡು ಬರುತ್ತಿದ್ದಂತೆ ವಾರ್ಡಿನ ನಡುವೆಯೇ ಹಿಡಿದಳು.

"ಬಾರಯ್ಯ ಬಾ. ಇವತ್ತು ಇನ್ಯಾರ ಮನೆ ಮುರೀಬೇಕು ಅಂತ ಬಂದೆ?"

"ಸಿಸ್ಟರಮ್ಮ, ಏನಾಯ್ತು?"

"ಏನಾಯ್ತಾ? ನನ್ನ ಡಬ್ಬಿ ಅನ್ನ ತಿಂದು, ಉಂಡ ಮನೆ ಜಂತೆ ಎಣಿಸ್ದಲ್ಲೋ! ನಾನು ಏನು ಅನ್ಯಾಯ ಮಾಡಿದ್ದೆ ನಿಂಗೆ?"

ಅಳತೆಗೋಲು ಅದೇ ಹೊತ್ತಿಗೆ ವಾರ್ಡಿನ ಬಾಗಿಲಿಗೆ ಬಂದಿದ್ದ. ಅಕ್ಕನನ್ನು ಒಂದು ಮಾತು ಸಮಾಧಾನ ಮಾಡಿ ಹೋಗೋಣ ಎಂದು ಬಂದವನ ಕಾಲು ಅಲ್ಲೇ ನಿಂತಿತು. ಆ ಡಬ್ಬಿಯ ಅನ್ನ ಎಲ್ಲರಿಗಿಂತ ಹೆಚ್ಚು ತಿಂದವನು ಯಾರು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅವನ ಕೈ ತಾನಾಗಿ ಕತ್ತಿನ ಗುರುತಿನ ಚೀಟಿಯನ್ನು ಮುಚ್ಚಿತು. ದಕ್ಷತಾ ವಿಭಾಗ ಎಂದು ಅದರ ಮೇಲೆ ದಪ್ಪಗೆ ಅಚ್ಚಾಗಿತ್ತು.

ಬಟ್ಟೆ ಮಾವ ಗಾಡಿಯ ಹಿಡಿ ಬಿಡದೆ ನಿಂತಿದ್ದ. "ನಾನು ಬಟ್ಟೆ ಎಣಿಸೋನು ಸಿಸ್ಟರಮ್ಮ. ನಂಬರ್ ಹೊಡಿ ಅಂದ್ರು, ಹೊಡೀತೀನಿ. ಯಾರಿಗೂ ಏನೂ ಹೇಳಿಲ್ಲ, ಆಣೆ" ಎಂದ. ಅವಳು ಕೇಳಲಿಲ್ಲ. ಗಾಡಿಯಿಂದ ತನ್ನ ವಾರ್ಡಿನ ಶೀಟುಗಳನ್ನು ತಾನೇ ಎತ್ತಿಕೊಂಡು, "ನಾಳೆಯಿಂದ ಬೇರೆಯವರನ್ನ ಕಳಿಸು, ನಿನ್ನ ಮುಖ ತೋರಿಸ್ಬೇಡ" ಎಂದಳು. ರೋಗಿಗಳೂ ಎದ್ದು ಕೂತು ನೋಡಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ. ಎತ್ತು ಬಾಗಿಲ ಮರೆಯಲ್ಲಿ ನಿಂತಿತ್ತು, ಹಾಗೇ ಲಿಫ್ಟಿನ ಕಡೆ ಹೋಯಿತು.

ಮನೆಯಲ್ಲಿ ಹೆಂಡತಿಗೆ ಹೇಳಿದ. ಹೇಳದಿದ್ದರೆ ಎದೆ ಒಡೆಯುವಂತಿತ್ತು. ಅವಳು ಒಗೆದ ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿ ಅವನನ್ನೇ ನೋಡಿದಳು. "ಅವತ್ತು ನಕ್ಕೆವಲ್ಲ, ಆಗಲೇ ನಿಮ್ಮ ತಲೇಲಿ ಓಡ್ತಿತ್ತಾ ಇದು?" ಎಂದಳು. ಇಲ್ಲ ಎಂದ. "ಅತ್ತಿಗೆಗೆ ನೀವೇ ಹೇಳ್ತೀರೋ, ನಾನು ಹೇಳ್ಲೋ?" ಎಂದಳು. ನಾನೇ ಹೇಳುತ್ತೇನೆ ಎಂದ. ಯಾವಾಗ ಎಂದು ಮಾತ್ರ ಹೇಳಲಿಲ್ಲ.

ಭಾನುವಾರ ಊಟವಾದ ಮೇಲೆ ಅಕ್ಕ ಅವನೊಬ್ಬನನ್ನು ಉಳಿಸಿಕೊಂಡಳು. ಮೇಜು ಒರೆಸಿ, ಕನ್ನಡಕ ಹಾಕಿಕೊಂಡು, ನೋಟಿಸನ್ನೂ ಬಿಳಿ ಹಾಳೆಯನ್ನೂ ಅವನ ಮುಂದಿಟ್ಟಳು.

"ಪುಟ್ಟ, ಇದಕ್ಕೆ ಉತ್ತರ ಬರ್ಕೊಡೋ. ನೀನು ಬರೆದ್ರೆ ಒಂದು ತೂಕ ಇರುತ್ತೆ."

"ಏನಂತ ಬರೀಲಿ?"

"ಯೋಚನೆ ಮಾಡಿಟ್ಟಿದೀನಿ. ಮಂಚ ಕೆಟ್ಟೇ ಇತ್ತು. ಲಾಂಡ್ರಿಯವನು ಬೇರೆ ಮಂಚದ ಶೀಟಿಗೆಲ್ಲ ಈ ನಂಬರೇ ಹೊಡೆದಿದಾನೆ, ಕೆಲಸಗಳ್ಳ, ಕಣ್ಮುಚ್ಚಿ ಹೊಡೀತಾನೆ ಅಂತ ಬರಿ. ನನ್ನ ಹೆಸರಿಗೆ ಮಸಿ ಬಳಿದನಲ್ಲ, ಅವನೇ ಅನುಭವಿಸ್ಲಿ."

ಅವನಿಗೆ ಮೊದಲು ಬಂದ ಯೋಚನೆ ಏನು ಗೊತ್ತೇ? ಇದು ನಡೆಯುತ್ತದೆ ಎಂದು. ಲೆಕ್ಕ ಬಲ್ಲವನು ಅವನು. ನಂಬರು ತಪ್ಪಾಗಿ ಹೊಡೆದಿದ್ದಾರೆ ಎಂದರೆ ಇಡೀ ಪುರಾವೆ ಬಿದ್ದುಹೋಗುತ್ತದೆ. ಅಕ್ಕನ ಕೆಲಸ ಉಳಿಯುತ್ತದೆ. ಹಾಗೆ ಬರೆಸಿದವಳು ಅಕ್ಕ, ತಾನೇನೂ ಹೇಳಬೇಕಾಗಿಲ್ಲ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಕೆಲಸ ಹೋಗುವುದು ಬಟ್ಟೆ ಮಾವನದು. ಅವನು ಪೆನ್ನು ತೆಗೆದು ಮೊದಲ ವಾಕ್ಯ ಬರೆದೂ ಬಿಟ್ಟ. ಒಳ್ಳೆಯ ವಾಕ್ಯ. ಅಕ್ಕ ಬಗ್ಗಿ ಓದಿ, "ನೋಡು, ಓದಿಸಿದ್ದಕ್ಕೂ ಸಾರ್ಥಕ" ಎಂದು ಅವನ ಬೆನ್ನು ಸವರಿದಳು.

ಆ ಕೈ ಬೆನ್ನ ಮೇಲೆ ಬಿದ್ದ ಮೇಲೆ ಎರಡನೆಯ ವಾಕ್ಯ ಬರಲಿಲ್ಲ.

"ಅಕ್ಕ, ಬಟ್ಟೆ ಮಾವಂದು ತಪ್ಪಿಲ್ಲ."

"ನಿಂಗೇನು ಗೊತ್ತು?"

"ಲಾಂಡ್ರಿ ಲೆಕ್ಕ ತರಿಸಿದ್ದು ನಾನು. ಆ ವರದಿ ನಂದು."

ಅಕ್ಕನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಬೈಯುತ್ತಾಳೆ, ಕಪಾಳಕ್ಕೆ ಹೊಡೆಯುತ್ತಾಳೆ ಎಂದು ಅವನು ಕಾದ. ಹೊಡೆದಿದ್ದರೆ ಒಳ್ಳೆಯದಿತ್ತು.

"ನನ್ನ ಮಂಚ ಅಂತ ಗೊತ್ತಾಗದೆ ಕಳಿಸಿದ್ಯಾ?" ಎಂದಳು. ಹೌದು ಎನ್ನಲಿ ಎಂಬ ಆಸೆ ಆ ದನಿಯಲ್ಲೇ ಇತ್ತು.

"ಗೊತ್ತಾಗಿತ್ತು."

"ಕಳಿಸೋಕೆ ಮುಂಚೆ?"

"ಮುಂಚೆನೇ."

ಅಕ್ಕ ಆ ಹಾಳೆಯನ್ನು ಮಡಿಸಿದಳು. ಮತ್ತೆ ಮಡಿಸಿದಳು. "ಆ ಬಡಪಾಯಿಗೆ ನಾನು ಎಷ್ಟು ಮಾತಂದೆ. ರೋಗಿಗಳ ಮುಂದೆ" ಎಂದಳು. ತನ್ನ ಕೆಲಸದ ಬಗ್ಗೆ, ಅವನ ಬಗ್ಗೆ ಒಂದೂ ಇಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡಳು.

"ಎಲ್ಲಿಗಕ್ಕ?"

"ಅವನ ಮನೆಗೆ."

"ನಾನೂ ಬರ್ಲಾ?"

"ಬಂದು ಏನು ಮಾಡ್ತೀಯ?" ಎಂದಳು. ಅವಳು ಹೋದ ಮೇಲೆ ಅವನು ಬಾಗಿಲು ಹಾಕಿಕೊಂಡು ಅವಳ ಮನೆಯಲ್ಲೇ ಕೂತು ಅತ್ತ. ಇಷ್ಟು ದೊಡ್ಡ ಗಂಡಸು ಅಳುವುದು ಹೊರಗೆ ಕೇಳಬಾರದೆಂದು ನಲ್ಲಿ ಬೇರೆ ಬಿಟ್ಟಿದ್ದ.

ಬಟ್ಟೆ ಮಾವ ಆ ದಿನ ಮನೆಯಲ್ಲಿ ಸಿಗಲಿಲ್ಲ. ಮಗಳ ಊರಿಗೆ ರಜೆ ಹಾಕಿ ಹೋಗಿದ್ದನಂತೆ. ನೋಟಿಸಿಗೆ ಅಕ್ಕ ತಾನೇ ಉತ್ತರ ಬರೆದಳು. ಮಂಚ ಕೆಟ್ಟಿರಲಿಲ್ಲ, ನಾನೇ ಹಾಗೆ ಬರೆಸಿದೆ, ತಪ್ಪು ನನ್ನದು. ಅಷ್ಟೇ. ಮೇಡಂಗೆ ಅವನು ಹೋಗಿ ಕೈಮುಗಿದ. ಅವರು ದಯೆ ತೋರಿದರು ಎಂದೇ ಹೇಳಬೇಕು. ಕೆಲಸದಿಂದ ತೆಗೆಯಲಿಲ್ಲ; ಹೆಡ್ ಸಿಸ್ಟರ್ ಹುದ್ದೆ ಬಿಡಿಸಿ, ನಿವೃತ್ತಿಯವರೆಗೆ ಕೆಳಗಿನ ವಿಚಾರಣೆ ಕೌಂಟರಿನಲ್ಲಿ ಕೂರಲು ಹೇಳಿದರು. ಸಿಕ್ಕಿದ ಕಳ್ಳ ಮಂಚಗಳನ್ನೆಲ್ಲ ಲೆಕ್ಕಕ್ಕೆ ತಂದದ್ದರಿಂದ ಐದೂ ಆಸ್ಪತ್ರೆಗಳ ಅಂಕಿ ಮೇಲೇರಿತು. ಅವನ ಬಡ್ತಿಯ ಆದೇಶವೂ ಅದೇ ವಾರ ಬಂತು. ಅದನ್ನು ಅವನು ಮನೆಗೆ ತರಲೇ ಇಲ್ಲ, ಆಫೀಸಿನ ಮೇಜಿನೊಳಗೆ ತುರುಕಿಟ್ಟ.

ಅಕ್ಕ ವಾರ್ಡು ಬಿಟ್ಟುಕೊಡುವ ಬೆಳಗ್ಗೆ ಬಟ್ಟೆ ಮಾವ ರಜೆ ಮುಗಿಸಿ ಬಂದಿದ್ದ. ಅವನನ್ನು ಕರೆಸಿದಳು, ನರ್ಸುಗಳನ್ನೂ ಆಯಾಗಳನ್ನೂ ಕರೆದಳು. ತಮ್ಮನಿಗೂ ಹೇಳಿಕಳಿಸಿದ್ದಳು, ಬಾ ಎಂದಷ್ಟೇ. ಅವನು ಗಟ್ಟಿ ಮನಸ್ಸು ಮಾಡಿಯೇ ಬಂದಿದ್ದ. ಎಲ್ಲರ ಮುಂದೆ ನಾನೇ ಮಾಡಿದ್ದು ಎನ್ನಬೇಕು, ಏನಾದರಾಗಲಿ ಎಂದು. ದಾರಿಯುದ್ದಕ್ಕೂ ಆ ಮಾತನ್ನೇ ಬಾಯಿಪಾಠ ಮಾಡಿಕೊಂಡಿದ್ದ.

ಕಿಟಕಿ ಪಕ್ಕದ ಮಂಚದಲ್ಲಿ ಈಗ ಲೆಕ್ಕದ ರೋಗಿಯೊಬ್ಬ ಮಲಗಿದ್ದ. ಅಕ್ಕ ಅದರ ಪಕ್ಕ ನಿಂತು ಬಟ್ಟೆ ಮಾವನಿಗೆ ಕೈಮುಗಿದಳು.

"ಇವರನ್ನ ನಾನು ಇದೇ ಜಾಗದಲ್ಲಿ ಬೈದಿದ್ದೆ. ನೀವೆಲ್ಲ ಕೇಳಿದ್ರಿ. ಇವರು ಯಾರಿಗೂ ಏನೂ ಹೇಳಿರ್ಲಿಲ್ಲ. ಹೇಳಿದ್ದು ಬೇರೆಯವರು."

ಹಾಗೆಂದು ನಿಲ್ಲಿಸಿದಳು. ಅವನ ಕಡೆ ತಿರುಗಲಿಲ್ಲ, ಸುಮ್ಮನೆ ನಿಂತಳು. ಮುಂದಿನ ಮಾತನ್ನು ತನಗೆ ಬಿಟ್ಟುಕೊಟ್ಟದ್ದು ಎಂದು ಅವನಿಗೆ ಚೆನ್ನಾಗಿ ಗೊತ್ತಾಯಿತು. ನಾಲಿಗೆ ತುದಿಗೆ ಮಾತು ಬಂತು. ನರ್ಸುಗಳ ಮುಖ ನೋಡಿದ. ಉಸಿರು ನಿಧಾನಕ್ಕೆ ಬಿಡೇ ಎಂದು ತನ್ನನ್ನು ಆಡಿಕೊಳ್ಳುವವರು ಇನ್ನು ಮೇಲೆ ಏನೆನ್ನುತ್ತಾರೆ ಎಂದು ಯೋಚಿಸಿದ. ಹಾಳು ಯೋಚನೆ, ಬಂದುಬಿಟ್ಟಿತು. ಅವನು ನೆಲ ನೋಡಿದ.

ಅಕ್ಕ ಸಾಕಷ್ಟು ಹೊತ್ತು ಕಾದಳು. ಆಮೇಲೆ, "ಬೇರೆ ಯಾರೂ ಅಲ್ಲ, ನಾನೇ. ಹ್ಯಾಂಡಲ್ ತೆಗೆದಿಡ್ತೀನಿ ಅಂತ ಊಟಕ್ಕೆ ಕೂತಾಗ ಜಂಬ ಕೊಚ್ಕೊಂಡೆ. ನನ್ನ ಬಾಯಿಂದಾನೇ ಹೋಯ್ತು. ಕ್ಷಮಿಸಪ್ಪ" ಎಂದಳು.

"ಅಯ್ಯೋ ಬಿಡಿ ಸಿಸ್ಟರಮ್ಮ, ನಾನು ಅವತ್ತೇ ಮರೆತೆ" ಎಂದ ಬಟ್ಟೆ ಮಾವ. ಕಣ್ಣು ಒರೆಸಿಕೊಂಡು, ನೇರ ಅಳತೆಗೋಲಿನ ಹತ್ತಿರ ಬಂದು ಅವನ ಎರಡೂ ಕೈ ಹಿಡಿದುಕೊಂಡ. "ಸಾರ್, ಇಂಥ ಹೊತ್ತಲ್ಲಿ ನಿಮ್ಮಂಥ ತಮ್ಮ ಜೊತೇಲಿ ನಿಂತಿದೀರಲ್ಲ, ಅದೇ ಅವರ ಪುಣ್ಯ. ಕೈ ಬಿಡಬೇಡಿ ಸಾರ್ ಅವರನ್ನ."

"ಹೂಂ" ಎಂದ ಅವನು.

ಅಕ್ಕ ತನ್ನ ಚೀಲ ಎತ್ತಿಕೊಂಡು ಹೊರಟಳು. ಅವನು ಓಡಿಹೋಗಿ ಚೀಲಕ್ಕೆ ಕೈ ಚಾಚಿದ. ಅವಳು ಅದನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

"ಬೇಡ ಸಾರ್, ಭಾರ ಇಲ್ಲ. ನೀವು ಹೊರಡಿ, ನಿಮಗೆ ಕೆಲಸ ಇರುತ್ತೆ."

ಅಕ್ಕ ಅವನನ್ನು ನೀವು ಎಂದದ್ದು ಹುಟ್ಟಿದಾಗಿನಿಂದ ಅದೇ ಮೊದಲು.